ಬೂಷ್ಟಿನ ಮೇಲೆ ಬಣ್ಣ ಬಳಿದು ಕೆಟ್ಟೆ

ಮಳೆಗಾಲದಲ್ಲಿ ಪುತ್ತೂರಿನ ಕಡೆ ಮನೆಯೊಳಗೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ. ಇನ್ನು ಗೋಡೆ ಒಣಗೀತೇ? ನಮ್ಮದು ಮುರಕಲ್ಲಿನ ಮನೆ. ಆಟಿ ಬಂತೆಂದರೆ ಬಚ್ಚಲಿನ ಪಕ್ಕದ ಕೋಣೆಯ ಗೋಡೆಯಲ್ಲಿ ಕಪ್ಪು ಚುಕ್ಕಿ ಏಳುತ್ತಿತ್ತು. ಮಗಳ ಮದುವೆಗೆ ಮೊದಲು ಅದರ ಮೇಲೆಯೇ ಎರಡು ಕೋಟ್ ಡಿಸ್ಟೆಂಪರ್ ಬಳಿಸಿದೆ. ಮದುವೆಯ ದಿನ ಗೋಡೆ ಬೆಳ್ಳಗಿತ್ತು. ಮುಂದಿನ ಮಳೆಗೆ ಬೂಷ್ಟು ಮೊದಲಿಗಿಂತ ದಟ್ಟವಾಗಿ ಬಂತು. ಖರ್ಚು ಮಾಡಿದ್ದೆಲ್ಲ ನೀರಿಗೆ ಹೋಯಿತು. ಆ ಕೋಣೆಯಲ್ಲಿ ಮಲಗುವ ಅಮ್ಮನಿಗೆ ಉಬ್ಬಸ ಬೇರೆ. ಉಬ್ಬಸದವರಿಗೆ ಬೂಷ್ಟಿನ ಹುಡಿ ಆಗದು. ಆಮೇಲೆ ಕಲಿತದ್ದು ಇಷ್ಟು.

ಕೊಳೆಯೋ, ಬೂಷ್ಟೋ?

ಬೂಷ್ಟು ಶಿಲೀಂಧ್ರ. ಅದಕ್ಕೆ ತೇವ ಬೇಕು, ತಿನ್ನಲು ಏನಾದರೂ ಬೇಕು. ಗೋಡೆಯ ಧೂಳು, ಜಿಡ್ಡು, ಡಿಸ್ಟೆಂಪರಿನ ಅಂಟು ಅದಕ್ಕೆ ಆಹಾರ. ಕಲೆಯ ಮೇಲೆ ಬ್ಲೀಚಿಂಗ್ ನೀರಿನ ಒಂದು ಹನಿ ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ಕಪ್ಪು ಬಿಳಿಚಿದರೆ ಬೂಷ್ಟು. ಹಾಗೇ ಉಳಿದರೆ ಮಸಿ ಅಥವಾ ಕೊಳೆ.

ತೆಗೆಯುವ ಕ್ರಮ

ಒಣ ಬೂಷ್ಟನ್ನು ಹಿಡಿಸೂಡಿಯಲ್ಲಿ ಗುಡಿಸಬೇಡಿ. ಹುಡಿ ಹಾರಿ ಮನೆಯಿಡೀ ಹರಡುತ್ತದೆ. ಬಿಸಿಲಿನ ದಿನ ನೋಡಿ ಕಿಟಿಕಿ, ಬಾಗಿಲು ತೆರೆದಿಡಿ. ಮೂಗು-ಬಾಯಿಗೆ ಬಟ್ಟೆ, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಮೊದಲು ಸಾಬೂನು ನೀರಿನಲ್ಲಿ ಉಜ್ಜಿ, ಸಾದಾ ನೀರಿನಲ್ಲಿ ಒರಸಿ. ಮತ್ತೆ ಪ್ಲಾಸ್ಟಿಕ್ ಬಕೆಟಿನಲ್ಲಿ ಲೀಟರು ನೀರಿಗೆ 40 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ. ಪ್ಯಾಕೆಟ್ ಒಡೆದು ಬಹಳ ದಿನವಾದ ಪುಡಿಗೆ ಶಕ್ತಿ ಇರುವುದಿಲ್ಲ. ಗಷ್ಟು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ಬ್ರಷ್‌ನಲ್ಲಿ ಹಚ್ಚಿ. 10-15 ನಿಮಿಷ ಬಿಟ್ಟು ತೊಳೆಯಿರಿ. ಬಣ್ಣ ಮಾಸುವುದುಂಟು, ಆದ್ದರಿಂದ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಆಯಿಲ್ ಪೈಂಟಿನ ಬಾಗಿಲಿಗೆ ನಮಗೆ ಸಾಬೂನು ನೀರೇ ಸಾಕಾಯಿತು.

ಒಂದು ಎಚ್ಚರಿಕೆ. ಬೇಗ ಹೋಗಲಿ ಎಂದು ನಾನು ಕಕ್ಕುಸು ತೊಳೆಯುವ ಆಸಿಡ್ ಸೇರಿಸಿದೆ. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟಿತು. ಅಂಗಳಕ್ಕೆ ಓಡಿ ಬದುಕಿದೆ. ಆಸಿಡ್, ವಿನೆಗರ್, ಅಮೋನಿಯ ಯಾವುದನ್ನೂ ಬ್ಲೀಚಿಂಗಿಗೆ ಬೆರೆಸಲೇಬೇಡಿ. ಉಬ್ಬಸ ಇರುವವರು ಈ ಕೆಲಸಕ್ಕೆ ಇಳಿಯಬಾರದು.

ಮರಳಿ ಬಾರದಿರಲು

ಕಲೆ ಹೋದರೂ ತೇವ ಉಳಿದರೆ ಬೂಷ್ಟು ಬಂದೇ ಬರುತ್ತದೆ. ತೇವ ಎಲ್ಲಿಂದ ಎಂದು ತಿಳಿಯಲು ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಲ್ಲಿ ಅಂಟಿಸಿ ಒಂದು ದಿನ ಬಿಡಿ. ಒಳಮೈಯಲ್ಲಿ ನೀರಹನಿ ಕಂಡರೆ ಗೋಡೆಯೊಳಗಿನ ತೇವ. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯ ತೇವ. ನಮ್ಮಲ್ಲಿ ಒಳಮೈ ಒದ್ದೆ. ಹುಡುಕಿದರೆ, ಬಚ್ಚಲಿನ ನೀರು ಗೋಡೆಯ ಬುಡಕ್ಕೇ ಇಳಿಯುತ್ತಿತ್ತು! ನೀರು ಹೋಗುವ ದಾರಿ ಸರಿಮಾಡಿ, ಬಿರುಕು ಮುಚ್ಚಿ, ಒಂದು ಬೇಸಗೆ ಗೋಡೆ ಒಣಗಲು ಬಿಟ್ಟೆ. ಡಿಸ್ಟೆಂಪರ್ ಪೂರ್ತಿ ಕೆರೆದು ಸುಣ್ಣ ಬಳಿದೆ. ಕೆರೆಯದಿದ್ದರೆ ಸುಣ್ಣ ಸರಿಯಾಗಿ ಹಿಡಿಯದು. ಸುಣ್ಣ ಕ್ಷಾರ, ಅದರಲ್ಲಿ ಬೂಷ್ಟು ಏಳುವುದು ಕಷ್ಟ. ಗೋಡೆಗೆ ತಾಗಿದ್ದ ಕಪಾಟನ್ನು ನಾಲ್ಕು ಬೆರಳು ಈಚೆ ಎಳೆದೆ. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಹರಡುವುದನ್ನೂ ನಿಲ್ಲಿಸಿದೆವು.

ಎರಡು ಮಳೆಗಾಲ ಕಳೆಯಿತು. ಮೂಲೆಯಲ್ಲಿ ಅಂಗೈಯಗಲ ಮಾತ್ರ ಕಂಡಿತ್ತು, ತೊಳೆದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುವವರು ನಾವು. ಗೋಡೆಯ ಕೆಲಸವೂ ಮೇ ತಿಂಗಳಲ್ಲೇ ಮುಗಿಯಬೇಕು.