ಶಾಲೆಯೂ ಇರಲಿ, ಕಸುಬೂ ಬರಲಿ



ಈ ಪಾಠ ನಮ್ಮ ಮಕ್ಕಳ ಬಗ್ಗೆ. ಅದರಲ್ಲೂ ಎಂಟು, ಒಂಬತ್ತು, ಹತ್ತನೇ ತರಗತಿಗೆ ಬಂದಿರುವ ಮಕ್ಕಳ ಬಗ್ಗೆ.

ಆ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತೆ. "ಇನ್ನೂ ಎಷ್ಟು ವರ್ಷ ಓದಿಸೋದು? ಓದಿದವರಿಗೆಲ್ಲ ಕೆಲಸ ಸಿಕ್ಕಿದೆಯಾ? ಒಂದು ಕಸುಬು ಕಲಿತರೆ ಹೊಟ್ಟೆಪಾಡಾದರೂ ಆಗುತ್ತೆ." ಹೀಗೆ ಅಪ್ಪ ಹೇಳ್ತಾನೆ. "ಇಲ್ಲ, ನಮ್ಮ ಹಾಗೆ ಅವನೂ ಆಗೋದು ಬೇಡ. ಓದಲಿ" ಅಂತ ಅಮ್ಮ ಹೇಳ್ತಾಳೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಕಸುಬು ಬೇಕು. ಓದೂ ಬೇಕು.

ಒಂದನ್ನು ಬಿಟ್ಟರೇ ಇನ್ನೊಂದು ಸಿಗೋದಾ? ಎರಡನ್ನೂ ಒಟ್ಟಿಗೆ ಕಲಿಯಲು ಆಗಲ್ವಾ? ಬನ್ನಿ, ನಾವು ನೀವು ಸೇರಿ ಯೋಚಿಸೋಣ.

ಗ್ಯಾರೇಜಿನಲ್ಲಿ ಏನು ಸಿಗುತ್ತೆ?

ನಮ್ಮ ಊರುಗಳಲ್ಲಿ ಹುಡುಗರು ಕಸುಬು ಕಲಿಯುವ ದಾರಿ ಎಲ್ಲರಿಗೂ ಗೊತ್ತು. ಶಾಲೆ ಬಿಡಿಸ್ತೀವಿ. ಪೇಟೆಯ ಗ್ಯಾರೇಜಿಗೋ, ವೆಲ್ಡಿಂಗ್ ಅಂಗಡಿಗೋ, ಟೈಲರ್ ಅಂಗಡಿಗೋ ಸೇರಿಸ್ತೀವಿ. ಹುಡುಗ ಮೊದಲು ಟೀ ತರುತ್ತಾನೆ, ಕಸ ಗುಡಿಸುತ್ತಾನೆ, ಸ್ಪ್ಯಾನರ್ ಎತ್ತಿ ಕೊಡುತ್ತಾನೆ. ಆಮೇಲೆ ನೋಡಿ ನೋಡಿ ಕೆಲಸ ಕಲಿಯುತ್ತಾನೆ.

ಇದರಲ್ಲಿ ಒಳ್ಳೇದು ಇಲ್ಲ ಅಂತಲ್ಲ. ಕೈ ಪಳಗುತ್ತೆ. ಗಿರಾಕಿಯ ಜೊತೆ ಮಾತಾಡಲು ಬರುತ್ತೆ. ಒಳ್ಳೆಯ ಮೇಸ್ತ್ರಿ ಸಿಕ್ಕರೆ ಒಳ್ಳೆಯ ಕೆಲಸಗಾರನೂ ಆಗುತ್ತಾನೆ.

ಆದರೆ ಸಿಗದೇ ಇರೋದು ಏನು? ಮೊದಲನೆಯದು, ಪ್ರಮಾಣಪತ್ರ. ಹತ್ತು ವರ್ಷ ದುಡಿದರೂ ಕಾರ್ಖಾನೆಯಲ್ಲಿ ಕೇಳುವ ಕಾಗದ ಅವನ ಹತ್ತಿರ ಇರಲ್ಲ. ಎರಡನೆಯದು, 'ಯಾಕೆ' ಅನ್ನುವ ಪ್ರಶ್ನೆಗೆ ಉತ್ತರ. 'ಹೀಗೆ ಮಾಡು' ಅಂತ ಮೇಸ್ತ್ರಿ ಹೇಳ್ತಾನೆ. ಯಾಕೆ ಹಾಗೆ ಮಾಡಬೇಕು ಅಂತ ಹೇಳಲು ಅವನಿಗೆ ಪುರುಸೊತ್ತಿಲ್ಲ. ಗಾಡಿಯ ಮಾದರಿ ಬದಲಾದಾಗ, ಹೊಸ ಯಂತ್ರ ಬಂದಾಗ, ಜೊತೆಗೆ ಬಂದ ಪುಸ್ತಕ ಓದಲು ಬರದವನು ಹಿಂದೆ ಬೀಳ್ತಾನೆ.

ಕಾನೂನಿನ ಮಾತೂ ತಿಳಿದಿರಲಿ. 14 ವರ್ಷ ತುಂಬದ ಮಗುವನ್ನು ಅಂಗಡಿ, ಗ್ಯಾರೇಜು, ಹೋಟೆಲು ಎಲ್ಲಿಯೂ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯ್ತು. 14ರಿಂದ 18 ವರ್ಷದ ಒಳಗಿನವರನ್ನು ಗಣಿ, ಸಿಡಿಮದ್ದು ಮುಂತಾದ ಅಪಾಯದ ಕೆಲಸಕ್ಕೆ ಹಚ್ಚುವುದೂ ಅಪರಾಧ. ಮಗುವನ್ನು ದುಡಿಸಿಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು ಆಗಬಹುದು. 20,000ದಿಂದ 50,000 ರೂಪಾಯಿವರೆಗೆ ದಂಡವೂ ಬೀಳಬಹುದು.

ಪುಸ್ತಕದ ಪಾಠ, ಕೈಯ ಕೆಲಸ

"ಪುಸ್ತಕದ ಲೆಕ್ಕ ಕಸುಬಿಗೆ ಏನು ಪ್ರಯೋಜನ?" ಅಂತ ಕೆಲವರು ಕೇಳ್ತಾರೆ. ಎರಡು ಉದಾಹರಣೆ ನೋಡೋಣ.

ಮನೆ ಕಟ್ಟುವ ಗಾರೆ ಕೆಲಸದವರನ್ನು ನೀವು ನೋಡಿದ್ದೀರಿ. ಮೂಲೆ ಸರಿಯಾಗಿ ಬರಬೇಕಲ್ಲ? ಅವರು ಏನು ಮಾಡ್ತಾರೆ? ಮೂಲೆಯಿಂದ ಒಂದು ಕಡೆಗೆ 3 ಅಡಿ ಅಳೆದು ಗುರುತು ಹಾಕ್ತಾರೆ. ಇನ್ನೊಂದು ಕಡೆಗೆ 4 ಅಡಿ ಅಳೆದು ಗುರುತು ಹಾಕ್ತಾರೆ. ಆಮೇಲೆ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಓರೆಯಾಗಿ ಟೇಪು ಹಿಡೀತಾರೆ. ಸರಿಯಾಗಿ 5 ಅಡಿ ಬಂದರೆ ಮೂಲೆ ನೆಟ್ಟಗಿದೆ. 5ಕ್ಕಿಂತ ಹೆಚ್ಚು ಬಂದರೆ ಮೂಲೆ ಅಗಲ ಆಗಿದೆ. ಕಡಿಮೆ ಬಂದರೆ ಕಿರಿದಾಗಿದೆ.

ಇದೇ ಲೆಕ್ಕ ಹೈಸ್ಕೂಲಿನ ಗಣಿತ ಪುಸ್ತಕದಲ್ಲಿ ಇದೆ. ಅಲ್ಲಿ ಅದಕ್ಕೆ ಪೈಥಾಗೊರಸ್ ಪ್ರಮೇಯ ಅಂತ ಹೆಸರು. 3ನ್ನು 3ರಿಂದ ಗುಣಿಸಿದರೆ 9. 4ನ್ನು 4ರಿಂದ ಗುಣಿಸಿದರೆ 16. ಎರಡೂ ಕೂಡಿದರೆ 25. 5ನ್ನು 5ರಿಂದ ಗುಣಿಸಿದರೂ 25. ಪಾಠ ತಿಳಿದವನಿಗೆ ಇನ್ನೊಂದು ಉಪಾಯವೂ ಹೊಳೆಯುತ್ತೆ. ದೊಡ್ಡ ಕಟ್ಟಡಕ್ಕೆ 6, 8, 10 ಅಡಿ ಇಟ್ಟುಕೊಂಡರೂ ನಡೆಯುತ್ತೆ. ಅಳತೆ ದೊಡ್ಡದಾದಷ್ಟೂ ಮೂಲೆ ಹೆಚ್ಚು ಸರಿಯಾಗಿ ಬರುತ್ತೆ.

ಇನ್ನೊಂದು ಉದಾಹರಣೆ ಕರೆಂಟಿನದು. ನಮ್ಮ ಮನೆಗೆ ಬರೋ ಕರೆಂಟು 230 ವೋಲ್ಟು. ನೀರು ಕಾಯಿಸುವ ಒಂದು ಗೀಸರ್ 2,000 ವಾಟಿನದು ಅಂತ ಇಟ್ಟುಕೊಳ್ಳಿ. 2,000ವನ್ನು 230ರಿಂದ ಭಾಗಿಸಿ. ಸುಮಾರು 8.7 ಬರುತ್ತೆ. ಅಂದರೆ ಆ ಗೀಸರ್ 8.7 ಆಂಪಿಯರ್ ಕರೆಂಟು ಎಳೆಯುತ್ತೆ. ಗೋಡೆಯಲ್ಲಿರುವ ಸಣ್ಣ ಪ್ಲಗ್ಗು ತಡೆಯೋದು 6 ಆಂಪಿಯರ್ ಮಾತ್ರ. ಸಣ್ಣ ಪ್ಲಗ್ಗಿಗೆ ಗೀಸರ್ ಹಾಕಿದರೆ ಏನಾಗುತ್ತೆ? ಪ್ಲಗ್ಗು ಕಾಯುತ್ತೆ, ವೈರು ಕರಗುತ್ತೆ, ಬೆಂಕಿಯೂ ಹತ್ತಬಹುದು. ಅದಕ್ಕೇ ಗೀಸರಿಗೆ 16 ಆಂಪಿಯರಿನ ದೊಡ್ಡ ಪ್ಲಗ್ಗು, ದಪ್ಪ ವೈರು ಬೇಕು.

ಈ ಭಾಗಾಕಾರ ಬಾರದ ಎಲೆಕ್ಟ್ರಿಷಿಯನ್ ಅಂದಾಜಿನ ಮೇಲೆ ಕೆಲಸ ಮಾಡ್ತಾನೆ. ಅಂದಾಜು ತಪ್ಪಿದರೆ ಜೀವ ಹೋಗುತ್ತೆ. ಅವನದೂ ಹೋಗಬಹುದು, ಆ ಮನೆಯವರದೂ ಹೋಗಬಹುದು.

ಹೈಸ್ಕೂಲಿನಲ್ಲೇ ಕಸುಬು

ಓದು, ಕೆಲಸ ಎರಡನ್ನೂ ಸೇರಿಸಬೇಕು ಅನ್ನೋದು ಹೊಸ ಮಾತಲ್ಲ. 1937ರಲ್ಲಿ ವಾರ್ಧಾದಲ್ಲಿ ಒಂದು ಸಭೆ ಸೇರಿತ್ತು. ಕೈಕಸುಬಿನ ಮೂಲಕವೇ ಮಕ್ಕಳಿಗೆ ಪಾಠ ಕಲಿಸಬೇಕು ಅಂತ ಗಾಂಧೀಜಿ ಅಲ್ಲಿ ಹೇಳಿದರು. ಅದಕ್ಕೆ ನಯೀ ತಾಲೀಮ್ ಅಂತ ಹೆಸರಾಯಿತು. ಸ್ವಾತಂತ್ರ್ಯ ಬಂದ ಮೇಲೆ 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಶಾಲೆಯಲ್ಲಿ ಕೆಲಸದ ಅನುಭವ ಇರಬೇಕು ಅಂತ ಹೇಳಿತು.

2013ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಅನ್ನುವ ವ್ಯವಸ್ಥೆ ತಂದಿತು. ಇದನ್ನು ಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ ಅಂತ ಕರೀತಾರೆ. ಇದರ ಪ್ರಕಾರ ಕರ್ನಾಟಕದ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಕಸುಬಿನ ವಿಷಯ ಕಲಿಸ್ತಾರೆ. ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಸೌಂದರ್ಯ ಮತ್ತು ಸ್ವಾಸ್ಥ್ಯ, ಇಂಥ ವಿಷಯಗಳು ಅಲ್ಲಿವೆ.

ಇದು ನಡೆಯೋದು ಹೇಗೆ? ಮಗು ಶಾಲೆ ಬಿಡಬೇಕಾಗಿಲ್ಲ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಓದುತ್ತೆ. ಮೂರನೇ ಭಾಷೆಯ ಬದಲಿಗೆ ಕಸುಬಿನ ವಿಷಯ ತಗೊಳ್ಳುತ್ತೆ. ಒಂಬತ್ತನೇ ತರಗತಿಯಲ್ಲಿ ಶುರು ಮಾಡಿ ಹತ್ತನೇ ತರಗತಿಯಲ್ಲಿ ಮುಂದುವರಿಸುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಬೇರೆ ವಿಷಯಗಳ ಹಾಗೆ ಇದಕ್ಕೂ ಪರೀಕ್ಷೆ ಇದೆ. ಬರೆಯುವುದರ ಜೊತೆಗೆ ಕೈಯಲ್ಲಿ ಮಾಡಿ ತೋರಿಸಬೇಕು.

ಒಂದು ಎಚ್ಚರ ಬೇಕು. ಈ ಸೌಲಭ್ಯ ಎಲ್ಲ ಶಾಲೆಯಲ್ಲೂ ಇಲ್ಲ. ಇರುವ ಕಡೆಯೂ ಎಲ್ಲ ವಿಷಯ ಇರಲ್ಲ. ಇನ್ನೊಂದು ಮಾತು. ಎರಡು ವರ್ಷ ಈ ಪಾಠ ಓದಿದ ತಕ್ಷಣ ಮಗು ಪೂರಾ ಮೆಕ್ಯಾನಿಕ್ ಆಗಿಬಿಡಲ್ಲ. ಇದು ಬುನಾದಿ. ಈ ಕೆಲಸ ತನಗೆ ಹಿಡಿಸುತ್ತಾ ಅಂತ ಮಗುವಿಗೇ ಗೊತ್ತಾಗುತ್ತೆ. ಅದೇ ದೊಡ್ಡ ಲಾಭ.

ದೂರದ ಒಂದು ನಾಡಿನಲ್ಲಿ

ಅಮೆರಿಕ ದೇಶದಲ್ಲಿ ಒಕ್ಲಹೋಮ ಅನ್ನುವ ರಾಜ್ಯ ಇದೆ. ಅಲ್ಲಿ ಹೈಸ್ಕೂಲು ಹನ್ನೆರಡನೇ ತರಗತಿಯವರೆಗೆ ಇರುತ್ತೆ. ಹಲವಾರು ಹೈಸ್ಕೂಲುಗಳಿಗೆ ಸೇರಿ ಒಂದು ದೊಡ್ಡ ತಾಂತ್ರಿಕ ಕೇಂದ್ರ ಇರುತ್ತೆ. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ಅರ್ಧ ದಿನ ತಮ್ಮ ಶಾಲೆಯಲ್ಲಿ ಓದುತ್ತಾರೆ. ಉಳಿದ ಅರ್ಧ ದಿನ ಈ ಕೇಂದ್ರಕ್ಕೆ ಹೋಗುತ್ತಾರೆ. ವೆಲ್ಡಿಂಗು, ಗಾಡಿ ರಿಪೇರಿ, ಅಡುಗೆ, ರೋಗಿಗಳ ಆರೈಕೆ, ಮರಗೆಲಸ ಇಂಥ ಕೆಲಸ ಕಲಿಯುತ್ತಾರೆ. ಆ ರಾಜ್ಯದ ಹೈಸ್ಕೂಲು ಮಕ್ಕಳಿಗೆ ಅಲ್ಲಿ ಬೋಧನಾ ಶುಲ್ಕ ಇಲ್ಲ. ಓದು ಮುಗಿದಾಗ ಹೈಸ್ಕೂಲಿನ ಪ್ರಮಾಣಪತ್ರ ತಮ್ಮ ಶಾಲೆಯಿಂದಲೇ ಸಿಗುತ್ತೆ.

ಪ್ರತಿ ಶಾಲೆಯಲ್ಲೂ ಲಕ್ಷಗಟ್ಟಲೆ ಬೆಲೆಯ ಯಂತ್ರ ಇಡೋದು ಕಷ್ಟ. ಹತ್ತು ಶಾಲೆಗೆ ಸೇರಿ ಒಂದು ಕಡೆ ಇಟ್ಟರೆ ಎಲ್ಲರಿಗೂ ಉಪಯೋಗ. ಇದು ಆ ಕೇಂದ್ರಗಳ ಹಿಂದಿರುವ ಯೋಚನೆ.

ಆದರೆ ಆ ದೇಶದಲ್ಲೂ ಹಿಂದೆ ಒಂದು ಅನ್ಯಾಯ ನಡೆದಿತ್ತು. ಕೈಕೆಲಸದ ಪಾಠಗಳಿಗೆ ಹಣ ಕೊಡುವ ಕಾಯ್ದೆ ಅಲ್ಲಿ 1917ರಲ್ಲೇ ಬಂತು. ಅದಾದ ಮೇಲೆ ಬಹಳ ಕಾಲ ಬಡವರ ಮಕ್ಕಳನ್ನು, ಕಪ್ಪು ಜನರ ಮಕ್ಕಳನ್ನು "ನಿಮಗೆ ಇದೇ ಸಾಕು" ಅಂತ ಈ ಪಾಠಗಳ ಕಡೆಗೆ ತಳ್ಳುತ್ತಿದ್ದರು. ಕಾಲೇಜಿನ ಬಾಗಿಲು ಅವರಿಗೆ ದೂರವೇ ಉಳಿಯಿತು. ಇದನ್ನು ಅನೇಕರು ಪ್ರಶ್ನೆ ಮಾಡಿದರು. ಈಗ ಕಸುಬಿನ ಜೊತೆ ಗಣಿತ, ವಿಜ್ಞಾನ, ಭಾಷೆಯನ್ನೂ ಗಟ್ಟಿಯಾಗಿ ಕಲಿಸಬೇಕು ಅನ್ನುವ ನಿಯಮ ಅಲ್ಲಿದೆ.

ಈ ಮಾತು ನಮಗೂ ಬೇಕು.

ಕೈಕೆಲಸ ಕೀಳಲ್ಲ

ನಮ್ಮಲ್ಲಿ ಬಹಳ ಕಾಲ ಏನಾಗಿತ್ತು? ಓದುವವರು ಬೇರೆ, ದುಡಿಯುವವರು ಬೇರೆ. ಓದಿದವರು ಕೈ ಕೆಸರು ಮಾಡಿಕೊಳ್ಳಲಿಲ್ಲ. ದುಡಿಯುವವರ ಹತ್ತಿರ ಅಕ್ಷರ ಸುಳಿಯಲು ಬಿಡಲಿಲ್ಲ. ಚಪ್ಪಲಿ ಹೊಲಿಯುವವರ ಮಗ ಚಪ್ಪಲಿಯನ್ನೇ ಹೊಲಿಯಬೇಕು, ಬಟ್ಟೆ ಒಗೆಯುವವರ ಮಗ ಬಟ್ಟೆಯನ್ನೇ ಒಗೆಯಬೇಕು ಅಂತ ಕಟ್ಟು ಮಾಡಿದರು.

ಈ ಕಟ್ಟನ್ನು 12ನೇ ಶತಮಾನದ ಶರಣರು ಮುರಿದರು. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ. ಮೇದಾರ ಕೇತಯ್ಯ ಬುಟ್ಟಿ ಹೆಣೆಯುತ್ತಿದ್ದ. ಕದಿರ ರೆಮ್ಮವ್ವ ನೂಲು ತೆಗೆಯುತ್ತಿದ್ದಳು. ಇವರೆಲ್ಲ ಕೆಲಸವನ್ನೂ ಮಾಡಿದರು, ವಚನವನ್ನೂ ರಚಿಸಿದರು. ಕೈ ದುಡಿದರೆ ತಲೆ ಮಂಕಾಗುತ್ತೆ ಅನ್ನೋದು ಸುಳ್ಳು ಅಂತ ಅವರ ಬದುಕೇ ಹೇಳುತ್ತೆ.

ಹಾಗಾಗಿ ಕಸುಬಿನ ಪಾಠ ದಡ್ಡರಿಗೆ, ಬಡವರಿಗೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ಮಗುವಿಗೆ ಓದಿನಲ್ಲಿ ಆಸೆ ಇದ್ದರೆ, "ನಿನಗೆ ಇದು ಸಾಕು" ಅಂತ ತಡೆಯಲೂ ಬೇಡಿ. ಹೆಣ್ಣುಮಕ್ಕಳಿಗೆ ಹೊಲಿಗೆ, ಗಂಡುಮಕ್ಕಳಿಗೆ ಗಾಡಿ ರಿಪೇರಿ ಅನ್ನೋ ಕಟ್ಟು ಕೂಡ ಯಾಕೆ? ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಜೋಡಿಸಲು ಹುಡುಗಿಗೂ ಬರುತ್ತೆ. ಆಯ್ಕೆ ಮಗುವಿನದಾಗಿರಲಿ. ನಾವು ಜೊತೆಗಿರೋಣ.

ಹತ್ತನೇ ತರಗತಿ ಆದ ಮೇಲೆ

ಹತ್ತನೇ ತರಗತಿ ಪಾಸಾದರೆ ಕಸುಬಿನ ದಾರಿ ಅಗಲ ಆಗುತ್ತೆ. ಐಟಿಐಗೆ ಸೇರಬಹುದು. ಅಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕೋರ್ಸುಗಳು 2 ವರ್ಷದವು. ಇವಕ್ಕೆ ಹತ್ತನೇ ತರಗತಿ ಪಾಸಾಗಿರಲೇಬೇಕು. ಎಂಟನೆಯದಕ್ಕೇ ಶಾಲೆ ಬಿಟ್ಟ ಮಗುವಿಗೆ ಈ ಬಾಗಿಲು ತೆರೆಯಲ್ಲ.

ಐಟಿಐ ಮುಗಿಸಿದವರು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಬಹುದು. ಕಲಿಯುವಾಗಲೇ ತಿಂಗಳಿಗೆ ಇಷ್ಟು ಅಂತ ಹಣ ಕೊಡಬೇಕು ಅಂತ 1961ರ ಅಪ್ರೆಂಟಿಸ್ ಕಾಯ್ದೆ ಹೇಳುತ್ತೆ. ಓದಬೇಕು ಅನ್ನೋರಿಗೆ ಇನ್ನೊಂದು ದಾರಿ. 2 ವರ್ಷದ ಐಟಿಐ ಮಾಡಿದವರು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಲು ಅವಕಾಶ ಇದೆ. ಡಿಪ್ಲೊಮಾ ಆದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕಸುಬಿನ ದಾರಿ ಹಿಡಿದರೆ ಓದು ಅಲ್ಲಿಗೇ ನಿಲ್ಲುತ್ತೆ ಅನ್ನುವ ಭಯ ಬೇಡ.

ಶಾಲೆಗೆ ಹೋಗಿ ಕೇಳಿ

ನೀವು ಈಗ ಓದಲು ಕಲಿತಿದ್ದೀರಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಮಗುವಿನ ಅರ್ಜಿಯನ್ನು ನೀವೇ ಓದಿ ಸಹಿ ಮಾಡಿ. ಸಹಿ ಮಾಡುವ ಮೊದಲು ಮುಖ್ಯೋಪಾಧ್ಯಾಯರನ್ನು ಈ ಪ್ರಶ್ನೆ ಕೇಳಿ:

1. ಈ ಶಾಲೆಯಲ್ಲಿ ಯಾವ ಕಸುಬಿನ ವಿಷಯ ಇದೆ? ಇಲ್ಲದಿದ್ದರೆ ಹತ್ತಿರದ ಯಾವ ಶಾಲೆಯಲ್ಲಿ ಇದೆ?

2. ಆ ವಿಷಯ ಕಲಿಸಲು ಬೇರೆ ಶಿಕ್ಷಕರು ಇದ್ದಾರಾ? ಉಪಕರಣಗಳು ಇವೆಯಾ? ಮಕ್ಕಳ ಕೈಗೆ ಕೊಡ್ತಾರಾ, ಬೀರುವಿನಲ್ಲಿ ಇಡ್ತಾರಾ?

3. ಯಾವ ಭಾಷೆಯ ಬದಲು ಇದನ್ನು ತಗೋಬೇಕು? ಆ ಭಾಷೆ ಬಿಟ್ಟರೆ ಮುಂದೆ ತೊಂದರೆ ಇದೆಯಾ?

4. ಮಕ್ಕಳನ್ನು ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸ್ತಾರಾ? ಅಲ್ಲಿ ಅವರ ಸುರಕ್ಷತೆ ಯಾರ ಹೊಣೆ?

5. ಪಾಸಾದರೆ ಯಾವ ಪ್ರಮಾಣಪತ್ರ ಸಿಗುತ್ತೆ?

ಕೇಳಲು ಸಂಕೋಚ ಬೇಡ. ಸರ್ಕಾರಿ ಶಾಲೆ ನಮ್ಮದು. ಒಬ್ಬರೇ ಹೋಗಲು ಹಿಂಜರಿಕೆ ಆದರೆ ನಾಲ್ಕು ಜನ ಸೇರಿ ಹೋಗಿ. ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ತಂದೆ ತಾಯಿಯರೂ ಸದಸ್ಯರು. ಅಲ್ಲಿಯೂ ಈ ಮಾತು ಎತ್ತಬಹುದು.

ಹೊಸ ಮಾತುಗಳು

ಪ್ರಮಾಣಪತ್ರ: ಕಲಿತದ್ದಕ್ಕೆ ಸಾಕ್ಷಿಯಾಗಿ ಕೊಡುವ ಕಾಗದ.
ಕೌಶಲ: ಕೈಯ ಜಾಣತನ, ಕೆಲಸದ ನೈಪುಣ್ಯ.
ಅಪ್ರೆಂಟಿಸ್: ಕೆಲಸದ ಜಾಗದಲ್ಲೇ ಕೆಲಸ ಕಲಿಯುವವರು.
ಆಂಪಿಯರ್: ಹರಿಯುವ ಕರೆಂಟಿನ ಅಳತೆ.
ವಾಟ್: ಒಂದು ಸಾಧನ ಎಷ್ಟು ಶಕ್ತಿ ಬಳಸುತ್ತೆ ಅನ್ನುವ ಅಳತೆ.

ಲೆಕ್ಕ ಮಾಡೋಣ

1,000 ವಾಟಿನ ಸಾಧನ 1 ಗಂಟೆ ನಡೆದರೆ 1 ಯೂನಿಟ್ ಕರೆಂಟು ಖರ್ಚು. ಹಳೆಯ 60 ವಾಟಿನ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ ಎಷ್ಟು ಯೂನಿಟ್? 9 ವಾಟಿನ ಎಲ್‌ಇಡಿ ಬಲ್ಬು ಅಷ್ಟೇ ಹೊತ್ತು ಉರಿದರೆ ಎಷ್ಟು? ನಿಮ್ಮ ಮಗುವಿನ ಜೊತೆ ಕೂತು ಮಾಡಿ. ಉತ್ತರ: ಮೊದಲನೆಯದು 9 ಯೂನಿಟ್. ಎರಡನೆಯದು 1.35 ಯೂನಿಟ್.

ಸೇರಿ ಮಾತಾಡೋಣ

1. ನಿಮ್ಮ ಊರಿನಲ್ಲಿ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಮಕ್ಕಳು ಎಷ್ಟು ಜನ? ಅವರು ಯಾಕೆ ಬಿಟ್ಟರು?

2. ಅವರಲ್ಲಿ ಯಾರನ್ನು ಮತ್ತೆ ಶಾಲೆಗೆ ಸೇರಿಸಬಹುದು? ಅದಕ್ಕೆ ಯಾರು ಯಾರು ಏನು ಮಾಡಬೇಕು?

3. ನಿಮಗೆ ಗೊತ್ತಿರುವ ಕಸುಬಿನಲ್ಲಿ ಯಾವ ಯಾವ ಲೆಕ್ಕ ಬರುತ್ತೆ? ಅದನ್ನು ಶಾಲೆಯ ಮಕ್ಕಳಿಗೆ ಒಂದು ದಿನ ಹೋಗಿ ಹೇಳಿಕೊಡಲು ನೀವು ತಯಾರಾ?