ಒಂದು ನಿಮಿಷದ ಕಥೆಗಾರ

ಕಲ್ಲು ಹಾಸಿದ ಕಡಿದಾದ ಏರುದಾರಿ. ಅದರ ಮಗ್ಗುಲಲ್ಲಿ ಹಳೆಯ ಮನೆಗಳ ಸಾಲು. ಬ್ರೆಡ್ಡಿನ ಬುಟ್ಟಿಯನ್ನು ಕಟ್ಟಿದ ಸೈಕಲ್ಲನ್ನು ತಳ್ಳಿಕೊಂಡು ಹುಡುಗನೊಬ್ಬನು ಏದುಸಿರು ಬಿಡುತ್ತ ಏರುತ್ತಿದ್ದಾನೆ. ಹಿನ್ನೆಲೆಯಲ್ಲಿ ಮುದುಕನೊಬ್ಬನ ಧ್ವನಿಯು ತನ್ನ ಬಾಲ್ಯವನ್ನು ನೆನೆಯುತ್ತಿದೆ. ತುದಿಯ ಮನೆಗೆ ಬ್ರೆಡ್ಡನ್ನು ಮುಟ್ಟಿಸಿದ ಹುಡುಗನು ಕಾಲುಗಳನ್ನು ಅಗಲಕ್ಕೆ ಚಾಚಿ, ಇಳಿಜಾರಿನಲ್ಲಿ ಹಕ್ಕಿಯಂತೆ ಇಳಿದುಬರುತ್ತಾನೆ. ಇಷ್ಟೇ ಕಥೆ, ಒಂದು ನಿಮಿಷವೂ ಹಿಡಿಯದು. 1973ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ಮೂಡಿಬಂದ, ಹೋವಿಸ್ ಎಂಬ ಬ್ರೆಡ್ಡಿನ ಈ ಜಾಹೀರಾತನ್ನು 2006ರಲ್ಲಿ ಅಲ್ಲಿಯ ಜನರು ತಮಗೆ ಅತ್ಯಂತ ಪ್ರಿಯವಾದುದೆಂದು ಮತ ನೀಡಿ ಆರಿಸಿದರು. ಅದನ್ನು ನಿರ್ದೇಶಿಸಿದವರು ರಿಡ್ಲಿ ಸ್ಕಾಟ್.

ಸ್ಕಾಟ್ ಅವರು 1937ರ ನವೆಂಬರ್ 30ರಂದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸೌತ್ ಷೀಲ್ಡ್ಸ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ತಂದೆ ಸೈನ್ಯದ ಅಧಿಕಾರಿಯಾದ್ದರಿಂದ ಕುಟುಂಬವು ಊರಿಂದೂರಿಗೆ ಅಲೆಯಬೇಕಾಯಿತು. ಬಾಲಕನಿಗೆ ಒಲಿದಿದ್ದ ವಿದ್ಯೆ ಚಿತ್ರಕಲೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದಾಗ ಅವರು ಕ್ಯಾಮೆರಾವೊಂದನ್ನು ಎರವಲು ಪಡೆದು, ತಮ್ಮ ಟೋನಿಯನ್ನೇ ನಾಯಕನನ್ನಾಗಿಸಿ ‘ಬಾಯ್ ಅಂಡ್ ಬೈಸಿಕಲ್’ ಎಂಬ ಕಿರುಚಿತ್ರವನ್ನು ತೆಗೆಯತೊಡಗಿದರು. ಸೈಕಲ್ಲಿನ ಹುಡುಗನು ಅವರ ಮನಸ್ಸಿನಲ್ಲಿ ಅಂದಿನಿಂದಲೇ ಓಡಾಡುತ್ತಿದ್ದನೋ ಏನೋ! ಮುಂದೆ ಬಿ.ಬಿ.ಸಿ.ಯಲ್ಲಿ ರಂಗಸಜ್ಜಿಕೆಯ ವಿನ್ಯಾಸಕಾರರಾಗಿ ದುಡಿದರು. 1968ರಲ್ಲಿ ತಮ್ಮದೇ ಜಾಹೀರಾತು ಚಿತ್ರಗಳ ಸಂಸ್ಥೆಯನ್ನು ಸ್ಥಾಪಿಸಿದರು.

ಜಾಹೀರಾತಿನ ನಿರ್ದೇಶಕನಿಗೆ ಕಾಲವೇ ಕಡು ಬಡತನ. ಅರ್ಧ ನಿಮಿಷದಲ್ಲಿ ಊರು, ಕಾಲ, ಮನುಷ್ಯ, ಭಾವ ಎಲ್ಲವೂ ಕಣ್ಣಿಗೆ ಕಟ್ಟಬೇಕು. ಸ್ಕಾಟ್ ಅವರು ಪ್ರತಿಯೊಂದು ದೃಶ್ಯವನ್ನೂ ಮೊದಲು ಕಾಗದದ ಮೇಲೆ ತಾವೇ ಚಿತ್ರಿಸಿಕೊಳ್ಳುತ್ತಿದ್ದರು. ಜೊತೆಗಾರರು ಆ ರೇಖಾಚಿತ್ರಗಳಿಗೆ ‘ರಿಡ್ಲಿಗ್ರಾಮ್’ ಎಂದು ಹೆಸರಿಟ್ಟರು.

ಹೋವಿಸ್ ಜಾಹೀರಾತನ್ನು ಕಂಡ ಅನೇಕರು ಆ ಬೀದಿಯು ಉತ್ತರ ಇಂಗ್ಲೆಂಡಿನ ಯಾವುದೋ ಗಿರಣಿ ಊರಿನದೆಂದೇ ನಂಬಿದರು. ನಿಜವಾಗಿ ಅದು ದಕ್ಷಿಣದ ಡಾರ್ಸೆಟ್ ಪ್ರಾಂತ್ಯದ ಷಾಫ್ಟ್ಸ್‌ಬರಿಯಲ್ಲಿರುವ ಗೋಲ್ಡ್ ಹಿಲ್. ಮನಸ್ಸನ್ನು ಕರಗಿಸುವ ಆ ಸಂಗೀತವಾದರೋ, ಬೊಹೀಮಿಯದ ಡ್ವೊರ್ಜಾಕ್ ಅಮೆರಿಕದಲ್ಲಿದ್ದಾಗ 1893ರಲ್ಲಿ ರಚಿಸಿದ ಸಿಂಫನಿಯ ಭಾಗ. ಎಲ್ಲಿಯದೋ ಬೀದಿ, ಎಲ್ಲಿಯದೋ ನಾದ. ಆದರೂ ನೋಡಿದವರು ತಮ್ಮ ಬಾಲ್ಯವೇ ಮರಳಿತೆಂದು ಕಣ್ಣು ಒರೆಸಿಕೊಂಡರು. ಇದು ಕಲೆಯ ಶಕ್ತಿಯೂ ಹೌದು, ಮಾರಾಟದ ಜಾಣತನವೂ ಹೌದು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಬಲ್ಲವರಿಗೂ ಸುಲಭವಲ್ಲ.

ನಲವತ್ತರ ಹೊಸ್ತಿಲಲ್ಲಿದ್ದಾಗ ಅವರು ಚಲನಚಿತ್ರರಂಗವನ್ನು ಪ್ರವೇಶಿಸಿದರು. ‘ದಿ ಡ್ಯುಯೆಲಿಸ್ಟ್ಸ್’ 1977ರ ಕಾನ್ ಉತ್ಸವದಲ್ಲಿ ಮೊದಲ ಕೃತಿಗೆ ಮೀಸಲಾದ ಪ್ರಶಸ್ತಿಯನ್ನು ಪಡೆಯಿತು. 1979ರಲ್ಲಿ ‘ಏಲಿಯನ್’ ಜಗತ್ತಿನಾದ್ಯಂತ ಗೆದ್ದಿತು. 1982ರ ‘ಬ್ಲೇಡ್ ರನ್ನರ್’ ಗಳಿಕೆಯಲ್ಲಿ ಸೋತಿತು. ಮುಗಿಲೆತ್ತರದ ಕಟ್ಟಡಗಳ ಮೇಲೆಲ್ಲ ಜಾಹೀರಾತುಗಳೇ ಹೊಳೆಯುವ ಭವಿಷ್ಯದ ನಗರವೊಂದನ್ನು ಅದರಲ್ಲಿ ಅವರು ಚಿತ್ರಿಸಿದ್ದರು!

ಸೋಲಿನ ಬಳಿಕ ಆ್ಯಪಲ್ ಎಂಬ ಕಂಪ್ಯೂಟರ್ ಕಂಪನಿಯ ಕರೆ ಬಂದಿತು. ಜಾರ್ಜ್ ಆರ್ವೆಲ್‌ನ 1949ರ ಕಾದಂಬರಿಯ ನೆರಳಿನಲ್ಲಿ ರೂಪುಗೊಂಡ ಒಂದು ನಿಮಿಷದ ಚಿತ್ರವದು. ತಲೆ ಬೋಳಿಸಿಕೊಂಡ, ಕಳೆಗೆಟ್ಟ ಮನುಷ್ಯರು ಸಾಲುಗಟ್ಟಿ ಕುಳಿತು ಬೃಹತ್ ಪರದೆಯ ಮೇಲಿನ ಮುಖವೊಂದರ ಮಾತನ್ನು ಕೇಳುತ್ತಿರುತ್ತಾರೆ. ತರುಣಿಯೊಬ್ಬಳು ಓಡಿಬಂದು ಸುತ್ತಿಗೆಯನ್ನು ಬೀಸಿ ಎಸೆಯುತ್ತಾಳೆ, ಪರದೆ ಸಿಡಿಯುತ್ತದೆ. ಭಾರವಾದ ಸುತ್ತಿಗೆಯನ್ನು ಬೀಸಬಲ್ಲವರು ಬೇಕಾದ್ದರಿಂದ ಡಿಸ್ಕಸ್ ಎಸೆತದಲ್ಲಿ ಪಳಗಿದವಳನ್ನೇ ಆರಿಸಲಾಗಿತ್ತು. ಮಾರಬೇಕಾದ ಯಂತ್ರವು ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ.

ಕಂಪನಿಯ ಆಡಳಿತ ಮಂಡಳಿಯವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಪ್ರಸಾರಕ್ಕಾಗಿ ಕೊಂಡಿದ್ದ ಸಮಯವನ್ನೇ ಮಾರಿಬಿಡಿರೆಂದು ಆಜ್ಞೆಯಾಯಿತು. ಆದರೆ ಒಂದು ನಿಮಿಷದ ಅವಧಿಯು ಮಾರದೆ ಉಳಿಯಿತು. ಹೀಗೆ 1984ರ ಜನವರಿ 22ರಂದು, ಸೂಪರ್ ಬೌಲ್ ಎಂಬ ಫುಟ್‌ಬಾಲ್ ಪಂದ್ಯದ ನಡುವೆ, ಕೋಟ್ಯಂತರ ಅಮೆರಿಕನ್ನರು ಅದನ್ನು ಕಂಡು ಬೆರಗಾದರು. ಕಾನ್ ಜಾಹೀರಾತು ಉತ್ಸವದ ಅತ್ಯುನ್ನತ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಯಂತ್ರವಾದರೋ ಅಷ್ಟು ಸುಲಭವಾಗಿ ಗೆಲ್ಲಲಿಲ್ಲ. ವರ್ಷದ ಕೊನೆಗೆ ಮಾರಾಟವು ನಿರೀಕ್ಷೆಗಿಂತ ಕೆಳಕ್ಕಿಳಿದಿತ್ತು.

ಮುಂದೆ ‘ಗ್ಲೇಡಿಯೇಟರ್’ ಚಿತ್ರಕ್ಕೆ 2001ರಲ್ಲಿ ಆಸ್ಕರ್ ಬಂದಿತು. 2003ರಲ್ಲಿ ಸ್ಕಾಟ್ ಅವರಿಗೆ ‘ಸರ್’ ಪದವಿ ದೊರೆಯಿತು. ಆದರೆ ಷಾಫ್ಟ್ಸ್‌ಬರಿಗೆ ಹೋಗುವ ಪ್ರವಾಸಿಗರು ಕೇಳುವುದು ಸೈಕಲ್ಲಿನ ಹುಡುಗನ ಬೀದಿಯನ್ನೇ. ಆ ಏರುದಾರಿಯ ನೆತ್ತಿಯಲ್ಲಿ ಬ್ರೆಡ್ಡಿನ ದೊಡ್ಡದೊಂದು ಮಾದರಿಯನ್ನು ನಿಲ್ಲಿಸಿದ್ದಾರೆ.