ಅಮಾನತ್ತು ಶಿಕ್ಷೆಯಲ್ಲ: ಅಂಗಡಿ ನೌಕರನ ಹಕ್ಕು, ಮಾಲೀಕನ ಹೊಣೆ

ಒಂದು ಕಾಲ್ಪನಿಕ ಉದಾಹರಣೆ: ಜವಳಿ ಅಂಗಡಿಯೊಂದರಲ್ಲಿ ಇಪ್ಪತ್ತು ಮಂದಿ ನೌಕರರಿದ್ದಾರೆ. ಎಂಟು ವರ್ಷ ಸೇವೆ ಸಲ್ಲಿಸಿರುವ ಮಾರಾಟ ಸಹಾಯಕನೊಬ್ಬ ಅಂಗಡಿ ನೌಕರರ ಸಂಘದ ಕಾರ್ಯದರ್ಶಿ. ವಾರದ ರಜೆ ಹಾಗೂ ಹೆಚ್ಚುವರಿ ಅವಧಿಯ ವೇತನವನ್ನು ಕೋರಿ ಆತ ಸಂಘದ ಪರವಾಗಿ ಮನವಿ ಸಲ್ಲಿಸುತ್ತಾನೆ. ಹದಿನೈದು ದಿನಗಳ ನಂತರ, ರಾತ್ರಿ ಲೆಕ್ಕ ನೋಡುವಾಗ ಗಲ್ಲಾದಲ್ಲಿ 2,400 ರೂಪಾಯಿ ಕಡಿಮೆ ಬರುತ್ತದೆ. ಆ ದಿನ ಮೂವರು ಗಲ್ಲಾದಲ್ಲಿ ಕುಳಿತಿದ್ದರೂ, ‘ನಾಳೆಯಿಂದ ಬರಬೇಡ’ ಎಂಬ ಮಾತು ಆತನೊಬ್ಬನಿಗೇ ಸಿಗುತ್ತದೆ.

ಹಣ ಕಡಿಮೆ ಬಂದದ್ದು ನಿಜವಿರಬಹುದು. ಆತನೇ ತೆಗೆದಿರಲೂಬಹುದು. ಆದರೂ ಆ ಒಂದು ಮಾತಿನಿಂದ ಮಾಲೀಕನು ತನ್ನ ಪ್ರಕರಣವನ್ನು ತಾನೇ ದುರ್ಬಲಗೊಳಿಸಿಕೊಂಡಂತಾಗುತ್ತದೆ. ಹೇಗೆಂಬುದನ್ನು ತಿಳಿಯಲು ಅಮಾನತ್ತಿನ ಸ್ವರೂಪವನ್ನು ಮೊದಲು ಅರಿಯಬೇಕು.

ಅಮಾನತ್ತು ಎಂದರೇನು?

ಆರೋಪದ ವಿಚಾರಣೆ ಮುಗಿಯುವವರೆಗೆ ನೌಕರನನ್ನು ಕೆಲಸದಿಂದ ದೂರವಿಡುವ ತಾತ್ಕಾಲಿಕ ಕ್ರಮವೇ ಅಮಾನತ್ತು. ಸಾಕ್ಷ್ಯ ನಾಶವಾಗದಂತೆ, ಸಾಕ್ಷಿಗಳ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಈ ಅವಧಿಯಲ್ಲಿ ಮಾಲೀಕ-ನೌಕರ ಸಂಬಂಧ ಕಡಿದುಹೋಗುವುದಿಲ್ಲ. ಬಾಯಿಮಾತಿನಲ್ಲಿ ‘ಬರಬೇಡ’ ಎಂದರೆ ಅದು ಅಮಾನತ್ತಾಗದೆ, ಕೆಲಸದಿಂದಲೇ ತೆಗೆದುಹಾಕಿದ ಆರೋಪಕ್ಕೆ ಎಡೆಯಾಗುತ್ತದೆ. ಆದ್ದರಿಂದ ಆದೇಶವು ಲಿಖಿತವಾಗಿರಬೇಕು. ಕಾರಣ, ಆರಂಭದ ದಿನಾಂಕ ಹಾಗೂ ಭತ್ಯೆಯ ವಿವರ ಅದರಲ್ಲಿರಬೇಕು.

ವೇತನ ತಡೆಹಿಡಿದು ಅಮಾನತ್ತಿನಲ್ಲಿಡುವ ಅಧಿಕಾರ ಮಾಲೀಕನಿಗೆ ತಾನಾಗಿಯೇ ಬರುವುದಿಲ್ಲ. ಕಾನೂನು, ಸ್ಥಾಯಿ ಆದೇಶ ಅಥವಾ ನೇಮಕಾತಿ ಕರಾರಿನಲ್ಲಿ ಅದಕ್ಕೆ ಆಧಾರವಿರಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1959ರ ಹೋಟೆಲ್ ಇಂಪೀರಿಯಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಂಥ ಆಧಾರವಿಲ್ಲದಿದ್ದರೆ ಕೆಲಸ ಕೊಡದಿದ್ದರೂ ವೇತನ ಕೊಡಬೇಕಾಗುತ್ತದೆ. ನೇಮಕಾತಿ ಪತ್ರವನ್ನೇ ನೀಡದಿರುವ ಅಂಗಡಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಜೀವನಾಧಾರ ಭತ್ಯೆಯ ಲೆಕ್ಕ

ಕರ್ನಾಟಕ ಜೀವನಾಧಾರ ಭತ್ಯೆ ಸಂದಾಯ ಅಧಿನಿಯಮ, 1988ರ ಪ್ರಕಾರ ಅಮಾನತ್ತಿನಲ್ಲಿರುವ ನೌಕರನಿಗೆ ಮೊದಲ 90 ದಿನ ವೇತನದ ಶೇ. 50, ಅನಂತರ 180 ದಿನಗಳವರೆಗೆ ಶೇ. 75, ಅದಕ್ಕೂ ಮೀರಿದರೆ ಶೇ. 90ರಷ್ಟು ಭತ್ಯೆ ಸಲ್ಲಬೇಕು. ನೌಕರನ ಕಾರಣದಿಂದಲೇ ವಿಚಾರಣೆ ವಿಳಂಬವಾದರೆ ಹೆಚ್ಚಿನ ದರದ ಪ್ರಶ್ನೆ ಬೇರೆಯಾಗುತ್ತದೆ.

ಮೇಲಿನ ಮಾರಾಟ ಸಹಾಯಕನ ವೇತನ ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಂಡರೆ, ಮೊದಲ ಮೂರು ತಿಂಗಳಿಗೆ 27,000, ಮುಂದಿನ ಮೂರು ತಿಂಗಳಿಗೆ 40,500, ಒಟ್ಟು 67,500 ರೂಪಾಯಿ. ಏಳನೆಯ ತಿಂಗಳಿನಿಂದ ತಿಂಗಳಿಗೆ 16,200. ಆರು ತಿಂಗಳ ಕೊನೆಗೆ ಆತ ನಿರ್ದೋಷಿಯೆಂದು ತೀರ್ಮಾನವಾಗಿ ಪೂರ್ಣ ವೇತನ ನೀಡಬೇಕಾದರೆ, 1,08,000ದಲ್ಲಿ ಉಳಿದ 40,500 ರೂಪಾಯಿಯನ್ನೂ ಕೊಡಬೇಕು. 2,400 ರೂಪಾಯಿಯ ಕೊರತೆಗೆ ಆರಂಭವಾದ ಪ್ರಕರಣ ಇದು! ವರ್ಷಾಂತ್ಯದಲ್ಲಿ ವಿಚಾರಣೆ ಬಾಕಿಯಿದ್ದರೆ, ಈ ವ್ಯತ್ಯಾಸದ ಮೊತ್ತಕ್ಕೆ ಅವಕಾಶ ಕಲ್ಪಿಸಬೇಕೆ ಎಂಬುದನ್ನು ಲೆಕ್ಕಪತ್ರ ಮಾನಕ 29ರ ದೃಷ್ಟಿಯಿಂದ ಪರಿಶೀಲಿಸುವುದೂ ಅಗತ್ಯ.

ಭತ್ಯೆ ತಡೆಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಕೆ.ಜಿ.ಎಫ್.ನ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರನ್ನು 1985ರಲ್ಲಿ ಅಮಾನತ್ತಿನಲ್ಲಿಡಲಾಯಿತು. ಭತ್ಯೆ ಸಿಗದ ಕಾರಣ ಹಣದ ಮುಗ್ಗಟ್ಟಿನಿಂದ ಅವರು ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬರಲಾಗಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ನಡೆದು ಅವರು ವಜಾಗೊಂಡರು. ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಆ ವಿಚಾರಣೆಯೇ ದೋಷಪೂರಿತವೆಂದು ತೀರ್ಮಾನಿಸಿತು. ಹೊಟ್ಟೆಗಿಲ್ಲದವನು ತನ್ನ ಪರವಾಗಿ ವಾದಿಸುವುದೆಂತು ಎಂಬುದೇ ಇಲ್ಲಿನ ತಿರುಳು.

ಪ್ರತೀಕಾರದ ಆರೋಪ

ಸಂಘದ ಸದಸ್ಯತ್ವವು ದುರ್ನಡತೆಗೆ ರಕ್ಷಾಕವಚವಲ್ಲ. ಪದಾಧಿಕಾರಿಯ ಮೇಲೂ ಕ್ರಮ ಕೈಗೊಳ್ಳಬಹುದು. ಆದರೆ ಸಂಘ ಸೇರಿದ್ದಕ್ಕೆ ಅಥವಾ ಇತರರನ್ನು ಸೇರಿಸಿದ್ದಕ್ಕೆ ಶಿಕ್ಷೆ ವಿಧಿಸುವುದು ಅನುಚಿತ ಕಾರ್ಮಿಕ ಪದ್ಧತಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಹಳೆಯ 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ ಸ್ಥಾನದಲ್ಲಿ ನಿಂತಿದ್ದರೂ ಈ ನಿಷೇಧವನ್ನು ತನ್ನ ಎರಡನೆಯ ಅನುಸೂಚಿಯಲ್ಲಿ ಉಳಿಸಿಕೊಂಡಿದೆ. ಸೇಡಿನಿಂದ ವಜಾಗೊಳಿಸುವುದು, ಸುಳ್ಳು ಸಾಕ್ಷ್ಯದ ಮೇಲೆ ಕ್ರಿಮಿನಲ್ ಪ್ರಕರಣದಲ್ಲಿ ಸಿಕ್ಕಿಸುವುದು, ಆಡಳಿತದ ಅಗತ್ಯವೆಂಬ ನೆಪದಲ್ಲಿ ದುರುದ್ದೇಶದಿಂದ ವರ್ಗಾಯಿಸುವುದು, ಹಿಂದಿನ ಸೇವೆಯನ್ನು ಲೆಕ್ಕಿಸದೆ ಸಣ್ಣ ತಪ್ಪಿಗೆ ಭಾರೀ ಶಿಕ್ಷೆ ನೀಡುವುದು ಇವೆಲ್ಲ ಅದರಲ್ಲಿ ಸೇರಿವೆ.

ಪ್ರತೀಕಾರವನ್ನು ಯಾರೂ ಬರೆದಿಡುವುದಿಲ್ಲ. ಅದನ್ನು ಸಂದರ್ಭದಿಂದಲೇ ಊಹಿಸಲಾಗುತ್ತದೆ. ಮನವಿಗೂ ಅಮಾನತ್ತಿಗೂ ನಡುವೆ ಎಷ್ಟು ದಿನ? ಗಲ್ಲಾದಲ್ಲಿ ಕುಳಿತಿದ್ದ ಇನ್ನಿಬ್ಬರನ್ನು ಏಕೆ ಪ್ರಶ್ನಿಸಲಿಲ್ಲ? ಹಿಂದೆ ಹಣ ಕಡಿಮೆ ಬಂದಾಗ ಏನು ಮಾಡಲಾಗಿತ್ತು? ಈ ಮೂರು ಪ್ರಶ್ನೆಗಳಿಗೆ ಕಡತದಲ್ಲಿ ಉತ್ತರವಿಲ್ಲದಿದ್ದರೆ ಮಾಲೀಕನ ನಿಜವಾದ ದೂರು ಕೂಡ ನೆಪವಾಗಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಸಂಘದ ಬೇಡಿಕೆ ರಾಜಿ ಸಂಧಾನಾಧಿಕಾರಿಯ ಮುಂದೆ ಬಾಕಿಯಿರುವಾಗ ಸಂಹಿತೆಯ 90ನೆಯ ಕಲಮು ಅನ್ವಯವಾಗುತ್ತದೆ. ವಿವಾದಕ್ಕೆ ಸಂಬಂಧಿಸಿದ ದುರ್ನಡತೆಗೆ ಶಿಕ್ಷೆ ವಿಧಿಸಲು ಪೂರ್ವಾನುಮತಿ ಬೇಕು. ಸಂಬಂಧಿಸದ ದುರ್ನಡತೆಗೆ ವಜಾಗೊಳಿಸುವಾಗಲೂ ಒಂದು ತಿಂಗಳ ವೇತನ ನೀಡಿ, ಕ್ರಮದ ಅನುಮೋದನೆಗೆ ಅರ್ಜಿ ಸಲ್ಲಿಸಬೇಕು. ಹಳೆಯ ಕಾಯಿದೆಯ ಇಂಥದೇ ಕಲಮನ್ನು ಉಲ್ಲಂಘಿಸಿದ ವಜಾ ಆದೇಶಕ್ಕೆ ಬೆಲೆಯೇ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2002ರ ಜೈಪುರ ಜಿಲ್ಲಾ ಸಹಕಾರಿ ಭೂಮಿ ವಿಕಾಸ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಅಂದರೆ, ನೌಕರನು ಕೆಲಸದಲ್ಲೇ ಇದ್ದಂತೆ ಲೆಕ್ಕ.

ವಿಚಾರಣೆಯ ಕ್ರಮ

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ 39ನೆಯ ಕಲಮಿನಂತೆ, ನಿರಂತರ ಆರು ತಿಂಗಳ ಸೇವೆ ಪೂರೈಸಿದವನನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ವೇತನ ನೀಡದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ದಾಖಲಾದ ಸಮಾಧಾನಕರ ಸಾಕ್ಷ್ಯದಿಂದ ದುರ್ನಡತೆ ಸಾಬೀತಾದರೆ ಮಾತ್ರ ನೋಟಿಸು ಬೇಕಿಲ್ಲ. ವಜಾಗೊಂಡವನಿಗೆ ಮೇಲ್ಮನವಿಯ ಹಕ್ಕೂ ಇದೆ. ಸಂಹಿತೆಯ ಸ್ಥಾಯಿ ಆದೇಶಗಳ ಅಧ್ಯಾಯವು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅಲ್ಲಿ ವಿಚಾರಣೆ ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಯಬೇಕು. ಸಣ್ಣ ಅಂಗಡಿಗಳಿಗೂ ಅದೇ ಗಡುವನ್ನು ಹಾಕಿಕೊಳ್ಳುವುದು ಲಾಭಕರ. 91ನೆಯ ದಿನದಿಂದ ಭತ್ಯೆ ಏರುವುದನ್ನು ಮರೆಯಬಾರದು.

ಉದಾಹರಣೆಯ ಜವಳಿ ಅಂಗಡಿಯ ಮಾಲೀಕನು ಮರುದಿನ ಬೆಳಿಗ್ಗೆ ಮಾಡಬೇಕಿದ್ದ ಕೆಲಸಗಳಿವು:

1. ಇಬ್ಬರ ಸಮಕ್ಷಮ ಗಲ್ಲಾದ ಲೆಕ್ಕವನ್ನು ಮತ್ತೊಮ್ಮೆ ನೋಡಿ ಸಹಿ ಪಡೆಯುವುದು. ಬಿಲ್ಲುಗಳನ್ನೂ ಕ್ಯಾಮೆರಾ ಚಿತ್ರಣವನ್ನೂ ಕಾದಿರಿಸುವುದು.

2. ಮೂವರಿಂದಲೂ ಲಿಖಿತ ವಿವರಣೆ ಕೇಳುವುದು.

3. ಮೇಲ್ನೋಟಕ್ಕೆ ಆಧಾರ ಕಂಡುಬಂದವನಿಗೆ ಮಾತ್ರ ಸ್ಪಷ್ಟ ದೋಷಾರೋಪಣಾ ಪಟ್ಟಿ ನೀಡಿ ಉತ್ತರಿಸಲು ಕಾಲಾವಕಾಶ ಕೊಡುವುದು. ಅಗತ್ಯವಿದ್ದರೆ ಮಾತ್ರ ಅಮಾನತ್ತಿನಲ್ಲಿಡುವುದು.

4. ದೂರುದಾರನಲ್ಲದ, ಸಾಕ್ಷಿಯೂ ಅಲ್ಲದ ವ್ಯಕ್ತಿಯನ್ನು ವಿಚಾರಣಾಧಿಕಾರಿಯಾಗಿ ನೇಮಿಸುವುದು. ಸಾಕ್ಷಿಗಳನ್ನು ಪಾಟೀ ಸವಾಲಿಗೆ ಒಳಪಡಿಸಲು ನೌಕರನಿಗೆ ಅವಕಾಶ ನೀಡುವುದು.

5. ಪ್ರತಿ ತಿಂಗಳು ಭತ್ಯೆ ಪಾವತಿಸಿ ರಸೀತಿ ಇಟ್ಟುಕೊಳ್ಳುವುದು.

ಸಂಘದ ಪ್ರತಿನಿಧಿಯ ನೆರವು ಪಡೆಯುವುದು ನೌಕರನ ಸಹಜ ಹಕ್ಕಲ್ಲ, ಸ್ಥಾಯಿ ಆದೇಶದಲ್ಲಿದ್ದರೆ ಮಾತ್ರ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ಹೇಳಿದ್ದುಂಟು. ಆದರೂ ಕೇಳಿದಾಗ ಸಹೋದ್ಯೋಗಿಯೊಬ್ಬನ ನೆರವಿಗೆ ಒಪ್ಪಿದರೆ ವಿಚಾರಣೆಯ ಮೇಲಿನ ವಿಶ್ವಾಸ ಹೆಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮನವಿಯ ಕಡತ ಬೇರೆ, ಗಲ್ಲಾದ ಕಡತ ಬೇರೆ. ವಾರದ ರಜೆಯ ಬೇಡಿಕೆಗೆ ಅದರ ಯೋಗ್ಯತೆಯ ಮೇಲೆ ಉತ್ತರ ಕೊಡಬೇಕು. ಹಣದ ಕೊರತೆಗೆ ಸಾಕ್ಷ್ಯದ ಮೇಲೆ ತೀರ್ಪು ಕೊಡಬೇಕು. ಎರಡನ್ನೂ ಬೆರೆಸಿದ ದಿನ ನೌಕರನು ಅನ್ನ ಕಳೆದುಕೊಳ್ಳುತ್ತಾನೆ. ಮಾಲೀಕನು ನ್ಯಾಯಾಲಯದಲ್ಲಿ ವರ್ಷಗಳನ್ನೂ ಹಣವನ್ನೂ ಕಳೆದುಕೊಳ್ಳುತ್ತಾನೆ. ಬೇರೆ ಬೇರೆ ಇಟ್ಟರೆ, ತಪ್ಪಿತಸ್ಥನಿಗೆ ಶಿಕ್ಷೆಯೂ ನಿರಪರಾಧಿಗೆ ರಕ್ಷಣೆಯೂ ಅದೇ ವಿಚಾರಣೆಯಲ್ಲಿ ದೊರೆಯುತ್ತದೆ.